ಹೇಳಿ ಮಾಡದೆ ಬಿಟ್ಟ ಪ್ರಾರ್ಥನೆ

ನಮ್ಮ ಕಡೆ ಮನೆಯಿಂದ ಹೊರಡುವವರು ‘ಬರ್ತೇನಿ’ ಅನ್ನುತ್ತಾರೆ, ಹೋಗುತ್ತೇನೆ ಅನ್ನುವುದಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ‘ಚಹಾಕ್ಕ ಬರ್ರಿ’ ಅನ್ನುತ್ತೇವೆ, ಮನೆಯಲ್ಲಿ ಹಾಲು ಇರದಿದ್ದರೂ. ನಮ್ಮ ಕ್ರೈಸ್ತ ಸಭೆಯವರಲ್ಲಿ ಅಂಥದ್ದೇ ಇನ್ನೊಂದು ಮಾತಿದೆ: ‘ಪ್ರಾರ್ಥನಾ ಮಾಡ್ತೇನ್ರಿ.’ ಯಾರಾದರೂ ಕಷ್ಟ ಹೇಳಿಕೊಂಡರೆ ಅದು ತಾನಾಗಿಯೇ ಬಾಯಿಗೆ ಬರುತ್ತದೆ. ನಾನು ಎಷ್ಟು ಮಂದಿಗೆ ಹಾಗೆ ಹೇಳಿದ್ದೆನೋ, ಅವರಲ್ಲಿ ಎಷ್ಟು ಮಂದಿಗಾಗಿ ಮಾಡಿದ್ದೆನೋ ದೇವರಿಗೇ ಗೊತ್ತು. ಅವನಿಗೆ ಗೊತ್ತಿರುವುದೇ ನನಗೆ ತೊಂದರೆ.

ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನನ್ನ ಮನೆಯವರು ಅದೇ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದರು. ಒಂದು ಮುಂಜಾನೆ ಹಲ್ಲು ತಿಕ್ಕುತ್ತಿದ್ದವರು ಹಿತ್ತಲಲ್ಲೇ ಕುಸಿದರು. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಅದರ ಜೊತೆ ಮಾತೂ ಹೋಯಿತು. ಎರಡು ವರ್ಷ ನಾನು ಬಿಡದೆ ಬೇಡಿಕೊಂಡೆ. ಶುಕ್ರವಾರ ಉಪವಾಸ ಮಾಡಿದೆ, ಪಾಸ್ಟರನ್ನು ಕರೆಸಿ ತಲೆಗೆ ಎಣ್ಣೆ ಹಚ್ಚಿಸಿದೆ. ಬಲಗೈಯ ಒಂದು ಬೆರಳೂ ಅಲ್ಲಾಡಲಿಲ್ಲ. ನಾನು ದೇವರ ಮೇಲೆ ಸಿಟ್ಟಾಗಲಿಲ್ಲ, ನಂಬಿಕೆಯನ್ನೂ ಬಿಡಲಿಲ್ಲ. ದಣಿದೆ, ಅಷ್ಟೇ. ಅವರ ಹೆಸರು ಹಿಡಿದು ಬೇಡುವುದು ಒಂದು ದಿನ ನಿಂತಿತು. ನಿಂತಿದ್ದು ಯಾವತ್ತು ಅಂತಲೂ ನನಗೆ ನೆನಪಿಲ್ಲ.

ನಾನು ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಐದಕ್ಕೆ ಎದ್ದು ಅವರ ಮಗ್ಗುಲು ಹೊರಳಿಸಿ, ಹಾಸಿಗೆ ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿ ಶಾಲೆಗೆ ಓಡಬೇಕು. ಮೊಟ್ಟೆ ಕೊಡುವ ದಿನ ಸಿಪ್ಪೆ ಸುಲಿದು ಸುಲಿದು ಬೆರಳ ತುದಿಗಳು ಉರಿಯುತ್ತವೆ. ರಾತ್ರಿ ಊಟವಾದ ಮೇಲೆ ಅವರ ಮಂಚದ ಪಕ್ಕ ಮೊಣಕಾಲೂರಿದರೆ ‘ಪರಲೋಕದ ತಂದೆಯೇ’ ಅನ್ನುವಷ್ಟರಲ್ಲಿ ಹಣೆ ಮಂಚದ ಪಟ್ಟಿಗೆ ತಾಗಿ ನಿದ್ದೆ ಹತ್ತಿರುತ್ತದೆ.

ಐತವಾರ ಬಸ್ಸು ಹಿಡಿದು ಹಾನಗಲ್ಲಿಗೆ ಸಭೆಗೆ ಹೋಗುತ್ತೇನೆ. ಅಂಗಡಿಯೊಂದರ ಮಾಳಿಗೆಯ ಮೇಲಿನ ಬಾಡಿಗೆ ಕೋಣೆ, ನಾಲ್ಕಾರು ಕುಟುಂಬ. ಪಾಸ್ಟರು ಶಿಗ್ಗಾವಿಯಿಂದ ಬರುತ್ತಾರೆ. ಒಂದು ತಿಂಗಳು ಅವರು ದಿನನಿತ್ಯದ ಪ್ರಾರ್ಥನೆಯ ಬಗ್ಗೆಯೇ ಬೋಧಿಸಿದರು. ಒಂದು ಹೊತ್ತು ಗೊತ್ತು ಮಾಡಿರಿ, ಒಂದು ಜಾಗ ಗೊತ್ತು ಮಾಡಿರಿ, ಯಾರಿಗಾಗಿ ಬೇಡಬೇಕೋ ಅವರ ಹೆಸರು ಒಂದು ವಹಿಯಲ್ಲಿ ಬರೆಯಿರಿ ಅಂದರು. ವಹಿ ತಂದೆ. ಮೊದಲ ಹಾಳೆಯಲ್ಲಿ ಮೂರು ಹೆಸರು ಬರೆದೆ. ಉಳಿದ ಹಾಳೆಗಳಲ್ಲಿ ಈಗ ಮನೆಯವರ ಗುಳಿಗೆಯ ಹೊತ್ತು ಬರೆದಿಟ್ಟಿದ್ದೇನೆ.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಯುದ್ದದ ಗೋಡೆ. ಆಚೆಯವರು ಭತ್ತ ಬೆಳೆಯುವವರು, ಒಂದು ಎಮ್ಮೆ ಕಟ್ಟಿದ್ದಾರೆ. ಆ ಮನೆಯ ಹೆಂಗಸು ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಅನ್ನುತ್ತೇನೆ. ಅವಳ ಒಬ್ಬಳೇ ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಎರಡು ಸಲ ಬಸಿರು ನಿಂತು ಎರಡೂ ನಾಲ್ಕನೇ ತಿಂಗಳಲ್ಲಿ ಹೋಗಿದ್ದವು. ಒಂದು ದಿನ ಬಟ್ಟೆ ಒಣಹಾಕುವಾಗ ಅಕ್ಕ ಗೋಡೆಗೆ ಬಂದು ದನಿ ತಗ್ಗಿಸಿದಳು.

“ತಂಗಿ, ಮಗಳು ಮತ್ತ ಬಸರಾಗ್ಯಾಳ. ಯಾರ ಮುಂದೂ ಆಡಿಲ್ಲ. ನಮ್ಮ ಹನಮಪ್ಪಗ ಹೇಳೇನಿ. ನಿಮ್ಮ ಯೇಸಪ್ಪಗೂ ಒಂದು ಮಾತು ಹಾಕು.”

“ಹಾಕ್ತೇನ್ರಿ ಅಕ್ಕಾ. ದಿನಾ ಪ್ರಾರ್ಥನಾ ಮಾಡ್ತೇನಿ.”

‘ದಿನಾ’ ಅನ್ನುವುದನ್ನು ನಾನೇ ಸೇರಿಸಿದೆ. ಅವಳು ಕೇಳಿದ್ದು ಒಂದು ಮಾತು. ಆ ಒಂದೂ ನನ್ನಿಂದ ಆಗಲಿಲ್ಲ.

ತಿಂಗಳುಗಳು ಹೋದವು. ಒಂದು ಸಂಜೆ ಅಕ್ಕ ಸ್ಟೀಲ್ ಡಬ್ಬಿ ಹಿಡಿದು ಒಳಗೇ ಬಂದಳು. ಹಿರೇಕೆರೂರಿನಲ್ಲಿ ಮಗಳ ಸೀಮಂತದ ಕುಬಸ ಮುಗಿಸಿ ಬಂದಿದ್ದಳು. ಉಟ್ಟ ಹೊಸ ಸೀರೆಯನ್ನು ಇನ್ನೂ ಬದಲಿಸಿರಲಿಲ್ಲ. ಡಬ್ಬಿ ತುಂಬ ಹೋಳಿಗೆ.

“ಏಳರಾಗ ಬಿದ್ದೈತಿ ತಂಗಿ! ಡಾಕ್ಟರು ಅಲುಗಾಡಬ್ಯಾಡ ಅಂದಾರ, ಅದಕ್ಕ ಇಲ್ಲಿಗೆ ಕರ್ಕೊಂಡು ಬರಲಿಲ್ಲ. ನೀ ದಿನಾ ಬೇಡಿಕೊಂಡಿದ್ದು ಸುಮ್ನ ಹೋಗಿಲ್ಲ ನೋಡು. ತಿನ್ನು, ನನ್ನ ಮುಂದ ತಿನ್ನು.”

ಮಂಚದ ಮೇಲಿಂದ ಮನೆಯವರು ನನ್ನನ್ನೇ ನೋಡುತ್ತಿದ್ದರು. ನಾನು ಪ್ರಾರ್ಥನೆ ಮಾಡಿಲ್ಲ ಅನ್ನುವುದಕ್ಕೆ ಈ ಭೂಮಿಯ ಮೇಲೆ ಇದ್ದ ಸಾಕ್ಷಿ ಅವರೊಬ್ಬರೇ. ಅವರಿಗೆ ಮಾತು ಬರುವುದಿಲ್ಲ ಅಂತ ಆವತ್ತು ಒಂದು ಗಳಿಗೆ ಸಮಾಧಾನಪಟ್ಟೆ. ಹೋಳಿಗೆಯ ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಡಬ್ಬಿಗೆ ಇಟ್ಟೆ.

“ಯಾಕ, ಬೆಲ್ಲ ಕಡಿಮಿ ಆಗೈತೇನ?” ಅಂದಳು ಅಕ್ಕ.

ಆಮೇಲೆ ಒಂದು ವಾರ ಹಟ ಹಿಡಿದೆ. ಮುಖ ತೊಳೆದು ಕೂತೆ, ನಿದ್ದೆ ಬಂತು. ನಿಂತು ಮಾಡಿದೆ, ಬಾಗಿಲಿಗೆ ಒರಗಿ ತೂಕಡಿಸಿದೆ. ಎಚ್ಚರವಿದ್ದಾಗಲೂ ಮಾತು ಹುಟ್ಟಲಿಲ್ಲ. ನಮ್ಮ ಸಭೆಯ ಅಕ್ಕತಂಗಿಯರು ಅರ್ಧ ತಾಸು ನಿಲ್ಲದೆ, ದೊಡ್ಡ ದೊಡ್ಡ ಮಾತು ಹಚ್ಚಿ ಪ್ರಾರ್ಥಿಸುತ್ತಾರೆ. ನನ್ನ ಬಾಯಲ್ಲಿ ಆ ಮಾತುಗಳು ಎರವಲು ತಂದ ರವಿಕೆಯ ಹಾಗೆ, ತೋಳು ಬಿಗಿ, ಬೆನ್ನು ಸಡಿಲ. ಎರಡು ವರ್ಷ ಬೇಡಿ ಏನೂ ಕಾಣದವಳು ಇನ್ನೊಬ್ಬರ ಕೂಸಿಗಾಗಿ ಯಾವ ಮುಖ ಹೊತ್ತು ಕೇಳಲಿ ಅನ್ನುವುದೂ ಒಳಗೆ ಇತ್ತು. ಕೊನೆಗೆ ಒಂದು ಬೆಳಿಗ್ಗೆ ಗೋಡೆಯ ಹತ್ತಿರ ಹೋಗಿ ಹೇಳಿಬಿಟ್ಟೆ.

“ಅಕ್ಕಾ, ನಾ ಮಾಡಿಲ್ರಿ.”

“ಏನು ಮಾಡಿಲ್ಲ?”

“ಪ್ರಾರ್ಥನಾ. ಮಗಳದ್ದು.”

ಅವಳು ಸೀರೆ ಹಿಂಡುವುದನ್ನು ನಿಲ್ಲಿಸಲಿಲ್ಲ. ನೀರೆಲ್ಲ ಇಳಿಯುವವರೆಗೆ ಹಿಂಡಿ, ಕೊಡವಿ, ಹಗ್ಗದ ಮೇಲೆ ಹಾಕಿದಳು.

“ಒಂದ ದಿನಾನೂ ಇಲ್ಲ?”

“ಕುಂತಿದ್ದೆ. ನಿದ್ದಿ ಬಂತು.”

“ಹಂಗಾರ ಇಷ್ಟು ದಿನ ನಮ್ಮ ಹನಮಪ್ಪ ಒಬ್ಬನ ಓಡ್ಯಾಡ್ಯಾನ,” ಅಂದಳು. ನಗಲಿಲ್ಲ. ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಬೆಳಗಾಗುವ ಹೊತ್ತಿಗೆ ಗೋಡೆಯ ಮೇಲೆ ತಂಬಿಗೆಯಿಂದ ಟಕ್ ಟಕ್ ಅಂತ ಬಡಿದ ಸಪ್ಪಳ. ಅಕ್ಕ ಎಮ್ಮೆ ಹಿಂಡಲು ಎದ್ದಿದ್ದಳು.

“ಎದ್ದಿಯೇನ? ಈಗ ಮಾಡು. ನಾ ಇಲ್ಲೇ ನಿಂತಿರ್ತೇನಿ.”

“ನೀವು ನಿಂತ್ಕೊಂಡ್ರ ಹೆಂಗ ಮಾಡ್ಲಿ ಅಕ್ಕಾ?”

“ಹೆಂಗರ ಮಾಡು. ಸಾಲಿ ಹುಡುಗುರನ್ನ ನಂಬಬಹುದು, ನಿನ್ನ ನಂಬಾಂಗಿಲ್ಲ.”

ಹಿತ್ತಲ ಒಲೆಯ ಮೇಲೆ ಚಹಾದ ನೀರು ಇತ್ತು. ಕಣ್ಣು ಮುಚ್ಚಿದರೆ ನಿದ್ದೆ ಬರುತ್ತದೆಂಬ ಹೆದರಿಕೆಯಲ್ಲಿ ಕಣ್ಣು ಬಿಟ್ಟೇ ನಿಂತೆ. ಆಗ ಸವಣೂರಿನ ನಮ್ಮ ಆಯಿ ನೆನಪಾದಳು, ನನ್ನವ್ವನ ಅವ್ವ. ನನಗೆ ಮಾತು ಕಲಿಸಿದವಳೇ ಅವಳು. ಮೊರದಲ್ಲಿ ಅಕ್ಕಿ ಹಸನು ಮಾಡುತ್ತ, ಎದುರಿಗೆ ಯಾರೋ ಕುಂತಿದ್ದಾರೆ ಅನ್ನುವ ಹಾಗೆ ದೇವರ ಜೊತೆ ಮಾತಾಡುತ್ತಿದ್ದಳು. ‘ಕಣ್ಣ ಮುಚ್ಚಂಗಿಲ್ಲೇನು ಆಯಿ?’ ಅಂತ ಸಣ್ಣವಳಿದ್ದಾಗ ಕೇಳಿದ್ದೆ. ‘ಮುಚ್ಚಿದ್ರ ಅಕ್ಯಾಗಿನ ಹರಳು ಯಾರ ತಗೀತಾರ, ನಿಮ್ಮಪ್ಪ?’ ಅಂದಿದ್ದಳು. ಅವಳದು ಯಾರಿಗೆ ಬೇಕು, ಏನು ಬೇಕು ಅಂತ ಹೇಳುವುದು, ಸುಮ್ಮನಾಗುವುದು. ಅದಕ್ಕಿಂತ ಹೆಚ್ಚು ಇರುತ್ತಿರಲಿಲ್ಲ.

ನಾನೂ ಹಾಗೇ ಅಂದೆ. “ಯಪ್ಪಾ, ಹಿರೇಕೆರೂರಾಗ ಒಂದು ಹುಡುಗಿ ಮಲಗೇತಿ. ಅದರ ಹೊಟ್ಯಾಗಿನ ಕೂಸು ಉಳೀಲಿ. ನನಗ ಭಾಳ ದಣಿವಾಗೈತಿ. ಆಮೆನ್.”

“ಆತೇನ?”

“ಆತ್ರಿ.”

“ಇಷ್ಟ? ನಿಮ್ಮ ಐತವಾರದ್ದು ಎರಡು ತಾಸು ನಡೀತೈತಿ!”

ಅವತ್ತಿನಿಂದ ದಿನಾ ಬೆಳಿಗ್ಗೆ ತಂಬಿಗೆಯ ಸಪ್ಪಳ, ಕೊನೆಗೆ ‘ಆತೇನ?’ ನಳಕ್ಕೆ ನೀರು ಬಂತೇನು ಅಂತ ಕೇಳುವ ದನಿಯಲ್ಲೇ ಕೇಳುತ್ತಿದ್ದಳು. ನನಗೆ ಮೈ ಪುಳಕವಾಗಲಿಲ್ಲ, ಬೆಳಕು ಕಾಣಲಿಲ್ಲ. ಕೆಲವು ದಿನ ಚಹಾ ಉಕ್ಕುವುದರ ಮೇಲೇ ಲಕ್ಷ್ಯ. ಮನೆಯವರ ಮಗ್ಗುಲು ಹೊರಳಿಸುವ ಹಾಗೆ ಇದೂ ಆಯಿತು. ಮನಸ್ಸು ಇರಲಿ ಬಿಡಲಿ, ಮಾಡಬೇಕು, ಮಾಡಿದೆ. ಪ್ರಾರ್ಥನೆ ಹೇಗೆ ನಡೆದಿದೆ ಅಂತ ಪಾಸ್ಟರು ಕೇಳಿದಾಗ ‘ಬಾಜೂ ಮನಿ ಅಕ್ಕ ಮಾಡಸ್ತಾಳ್ರಿ’ ಅಂದೆ.

ಎಂಟನೇ ತಿಂಗಳಲ್ಲೇ ಮಗಳಿಗೆ ನೋವು ಬಂತು. ಹಾವೇರಿಗೆ ಒಯ್ದರು ಅಂತ ಫೋನು ಬಂದೊಡನೆ ಅಕ್ಕ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಮರುದಿನ ಬೆಳಿಗ್ಗೆ ಗೋಡೆಯಿಂದ ಸಪ್ಪಳ ಬರಲಿಲ್ಲ. ಎಚ್ಚರವಾಗಿತ್ತು, ಆದರೂ ಏಳಲಿಲ್ಲ. ಇವತ್ತು ಕೇಳುವವರಿಲ್ಲ ಅಂತ ಮೈ ಹಿಗ್ಗಿತು. ನಾಚಿಕೆಯ ಮಾತು, ಆದರೆ ನಿಜ.

ಆಗ ಟಕ್ ಟಕ್ ಅಂತು. ಗೋಡೆಯಲ್ಲ, ಮಂಚ. ಮನೆಯವರು ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದರು. ನೀರು ಬೇಕೇನೋ ಅಂತ ಎದ್ದೆ. ಅವರು ಹಿತ್ತಲ ಕಡೆ ಕಣ್ಣಿನಲ್ಲೇ ತೋರಿಸಿದರು. ಇಷ್ಟು ದಿನ ಎಲ್ಲ ಕೇಳಿಸಿಕೊಂಡಿದ್ದರು. ಮಂಚದ ಅಂಚಿಗೆ ಕುಂತು, ಹಾವೇರಿಯಲ್ಲಿರುವ ಹುಡುಗಿಯ ಬಗ್ಗೆ, ಕೂಸಿನ ಬಗ್ಗೆ ಹೇಳಿದೆ. ಕೊನೆಯಲ್ಲಿ ಅವರು ಬಾಯಿ ತೆರೆದು ಏನೋ ಅಂದರು. ಆಮೆನ್ ಅಂದರು ಅಂದುಕೊಂಡೆ. ನೀರು ಅಂದಿದ್ದರೂ ಇರಬಹುದು. ನೀರೂ ಕುಡಿಸಿದೆ.

ಶಾಲೆಯಲ್ಲಿ ಮೊಟ್ಟೆ ಸುಲಿಯುವಾಗ ಅಕ್ಕನ ಫೋನು ಬಂತು.

“ಆತೇನ ಇವತ್ತಿಂದು?”

“ಆತ್ರಿ ಅಕ್ಕಾ. ಕೂಸು?”

“ಹೆಣ್ಣು. ಅಂಗೈಯಷ್ಟು ಐತಿ. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ನಾಳೀನೂ ಮಾಡು.”

ಮರುದಿನವೂ ಮಾಡಿದೆ, ಅದರ ಮರುದಿನವೂ. ಮೂರು ವಾರಕ್ಕೆ ಕೂಸು ಪೆಟ್ಟಿಗೆಯಿಂದ ಹೊರಗೆ ಬಂತು. ನನ್ನ ಪ್ರಾರ್ಥನೆಯಿಂದಲೇ ಅಂತ ನಾನು ಹೇಳುವುದಿಲ್ಲ. ಬಾಣಂತಿ ಈಗ ಅಕ್ಕನ ಮನೆಯಲ್ಲೇ ಇದ್ದಾಳೆ. ಕೂಸು ಬೆಕ್ಕಿನ ಮರಿಯ ಹಾಗೆ ಅಳುವುದು ಗೋಡೆ ದಾಟಿ ಕೇಳುತ್ತದೆ.

ಮೊನ್ನೆ ಬೆಳಿಗ್ಗೆ ಮತ್ತೆ ತಂಬಿಗೆ ಬಡಿಯಿತು.

“ಇನ್ನ ಯಾರದು ಅಕ್ಕಾ? ಕೂಸು ಮನಿಗೆ ಬಂತಲ್ಲ.”

“ನಿಮ್ಮ ಮನಿಯವರದ್ದು. ಅವರದ್ದು ಹೇಳೋದು ನಾ ಒಂದ ದಿನಾನೂ ಕೇಳಿಲ್ಲ.”

ಎರಡು ವರ್ಷ ಹೇಳಿ ಸಾಕಾಗಿದೆ, ಮತ್ತೆ ಕೇಳಿ ಮತ್ತೆ ಬರಿಗೈಯಲ್ಲಿ ಬರುವ ಶಕ್ತಿ ನನಗಿಲ್ಲ ಅಂತ ಹೇಳಬೇಕು ಅಂದುಕೊಂಡೆ. ಬಾಯಿಂದ ಹೊರಟದ್ದು ಇಷ್ಟೇ: “ದಣಿವಾಗೈತ್ರಿ ಅಕ್ಕಾ.”

“ನನ್ನ ಮಗಳದ್ದೂ ದಣದ ಹೇಳಿದಿ. ಹೇಳು. ನಾ ನಿಂತಿರ್ತೇನಿ.”

ಒಳಗಿನಿಂದ ಮಂಚದ ಪಟ್ಟಿಯ ಸಪ್ಪಳ ಕೇಳಿತು. ಚಹಾದ ನೀರು ಇಳಿಸಿ, ಅವರ ಹೆಸರಿನಿಂದಲೇ ಶುರು ಮಾಡಿದೆ.