ಸಂಜೆ ಪಾಟ ಐತೆ

ಚಿಂತಾಮಣಿಯ ನಮ್ಮ ಬೀದಿಯಲ್ಲಿ, ತಾನೇ ಹಾಡು ಬರೆದು ಗಿಟಾರ್ ನುಡಿಸುತ್ತಾ ಹಾಡುವ ಹುಡುಗಿಯೊಬ್ಬಳಿದ್ದಳು. ಮನೆಮಾತು ತೆಲುಗು, ಹಾಡಿಗೆ ‘ಪಾಟ’ ಎಂದೇ ಅನ್ನುವಳು. ಕಾರ್ಯಕ್ರಮವಿದ್ದಾಗಲೆಲ್ಲ ಗೇಟು ಗೇಟಿಗೂ ಬಂದು, ಗಿಟಾರಿನ ಬೆನ್ನು ತಟ್ಟುತ್ತಾ, “ಸಂಜೆ ಪಾಟ ಐತೆ, ಬರ್ಬೇಕಮ್ಮಾ” ಎನ್ನುವಳು. ನಾವೆಲ್ಲ ತಲೆಯಾಡಿಸುತ್ತಿದ್ದೆವು, ಯಾರೂ ಹೋಗುತ್ತಿರಲಿಲ್ಲ.

ಒಮ್ಮೆ ತನ್ನ ಮನೆಯ ತಾರಸಿಯಲ್ಲೇ ‘ಪಾಟ’ ಎಂದು ಹೇಳಿಹೋದಳು. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಎರಡು-ಮೂರು ಮನೆಯವರು ಅದನ್ನು ‘ಪಾಠ’ ಎಂದುಕೊಂಡು, ಮಕ್ಕಳ ಹೆಗಲಿಗೆ ಪುಸ್ತಕದ ಚೀಲ ಏರಿಸಿ ಟ್ಯೂಷನ್ನಿಗೆಂದು ಕಳಿಸಿಬಿಟ್ಟರು. ಅವಳು ಗಿಟಾರಿನ ಬೆನ್ನು ತಟ್ಟಿದಳು, ಚಾಪೆ ಹಾಸಿದಳು, ಮನಸಾರೆ ಹಾಡಿದಳು.

ಮುಗಿದಾಗ ಪುಟ್ಟಿಯೊಬ್ಬಳು ಕೇಳಿದಳು: “ಮಿಸ್, ಹೋಂವರ್ಕು?”

“ಇದನ್ನೇ ನಿಮ್ಮಮ್ಮಂಗೆ ಹಾಡಿ ತೋರ್ಸಮ್ಮಾ.”

ಮರುದಿನ ಆ ಅಮ್ಮಂದಿರೇ ಅವಳ ಗೇಟಿನಲ್ಲಿ ನಿಂತಿದ್ದರು: “ಇನ್ನೊಂದು ಪಾಟ ಯಾವತ್ತಮ್ಮಾ?”