ತಪ್ಪು ಬೋರ್ಡು

ನಮ್ಮನೆಯವರು ಬಸ್ ಡ್ರೈವರ್. ಡಿಪೋದಲ್ಲಿ ಅವರಿಗೆ 'ಬೋರ್ಡು' ಅಂತ ಅಡ್ಡಹೆಸರು. ಬಸ್ಸಿನ ಮುಂದೆ ಊರಿನ ಬೋರ್ಡು ಸರಿಯಿಲ್ಲದಿದ್ದರೆ ಗಾಡಿ ತೆಗೆಯುತ್ತಿರಲಿಲ್ಲ.

"ತಪ್ಪು ಬೋರ್ಡಿಗಿಂತ ಬೋರ್ಡೇ ಇಲ್ಲದಿರೋದು ವಾಸಿ. ಇಲ್ಲದಿದ್ರೆ ಜನ ಕೇಳ್ತಾರೆ. ತಪ್ಪಿದ್ರೆ ನಂಬಿ ಹತ್ತಿಬಿಡ್ತಾರೆ" ಅನ್ನೋರು.

ರಜೆ ಸಿಕ್ಕರೆ ಬೆಟ್ಟ. ಅವರು, ಅವರ ತಮ್ಮ, ನಾನು. ತೊರೆ ಪಕ್ಕ ಟೆಂಟು ಹಾಕಿ ಮಲಗುತ್ತಿದ್ದೆವು. ಅಲ್ಲಿ ದಾರಿ ಕವಲಾಗುವ ಕಡೆ ಕಲ್ಲಿನ ಮೇಲೆ ಕಲ್ಲಿಟ್ಟು ಗುರುತು ಮಾಡಿರುತ್ತಾರೆ. ಮಂಜು ಕವಿದರೆ ಅದೇ ಗತಿ. ಅವು ಬಿದ್ದಿದ್ದರೆ ಇವರು ಎತ್ತಿ ಕಟ್ಟೋರು. ಫೋಟೋಗೆ ಅಂತ ಜನ ಕಂಡಕಂಡಲ್ಲಿ ಪೇರಿಸಿದ್ದನ್ನು ಮಾತ್ರ ಬಿಡುತ್ತಿರಲಿಲ್ಲ. ಹಾಗಂತ ಒದ್ದು ಕೆಡವುತ್ತಿರಲಿಲ್ಲ. ಮೇಲಿಂದ ಒಂದೊಂದೇ ತೆಗೆದು, ಮಣ್ಣು ಹತ್ತಿದ ಮಗ್ಗುಲು ಕೆಳಗೆ ಮಾಡಿ ಇಡೋರು. ಅಡಿಯಲ್ಲಿ ಹುಳಹುಪ್ಪಟೆ ಬಾಳುತ್ತವಂತೆ.

ಚಹಾ ಆರುತ್ತಿದೆ ಅಂತ ನಾನು ಕೂಗಿ ಸಾಕಾಗುತ್ತಿದ್ದೆ. "ಕಟ್ಟಿಕೊಂಡವಳಿಗಿಂತ ಕಲ್ಲು ಹೆಚ್ಚಾಯ್ತು."

"ಕಲ್ಲು ತಿರುಗಿ ಮಾತಾಡಲ್ಲ ನೋಡು."

ಅವರ ಜೀವ ಹೋದದ್ದು ಮನೆಯಲ್ಲಿ, ಡ್ಯೂಟಿಗೆ ಹೊರಡುವಾಗ, ಶೂ ಲೇಸು ಕಟ್ಟುತ್ತಾ. ಒಂದು ಕಾಲಿಗೆ ಕಟ್ಟಿದ್ದರು.

ಮಳೆಗಾಲ ಕಳೆದ ಮೇಲೆ ಮೈದುನ ಬಂದ. "ಅತ್ತಿಗೆ, ಬೆಟ್ಟಕ್ಕೆ ಬನ್ನಿ. ಅಣ್ಣನಿಗೆ ಅಂತ ಒಂದು ಮಾಡಿದೀನಿ."

ಹೋದೆ. ಎಂದಿನ ಜಾಗದಲ್ಲಿ ಟೆಂಟು ಹಾಕಿ ಚಹಾ ಕಾಸಿದೆವು; ಕುಡಿಯೋಕೆ ಮೊದಲೇ ಅವನು ಮೇಲೆ ಕರೆದುಕೊಂಡು ಹೋದ. ಅಲ್ಲಿ ಬಂಡೆಯ ಅಂಚಿನಲ್ಲಿ, ನನ್ನ ಎದೆಮಟ್ಟ ಕಲ್ಲು ಪೇರಿಸಿದ್ದ. ಚೆನ್ನಾಗಿತ್ತು. ಅವನ ಬೆರಳೆಲ್ಲ ತರಚಿತ್ತು.

ಅದರಾಚೆ ದಾರಿಯಿಲ್ಲ. ಪಾತಾಳ.

ನನಗೂ ಅದು ಬೇಕಿತ್ತು. ಅವರದು ಅಂತ ಮುಟ್ಟೋಕೆ ಮನೆಯಲ್ಲಿ ಎರಡು ಯೂನಿಫಾರಂ ಬಿಟ್ಟರೆ ಏನಿದೆ? ಕಲ್ಲಿನ ಮೇಲೆ ಕೈಯಿಟ್ಟು ನಿಂತೆ. ಬಿಸಿಲಿಗೆ ಬೆಚ್ಚಗಿತ್ತು. ತೆಗೆಯೋಕೆ ಮನಸ್ಸಿಲ್ಲ.

"ಮಂಜಿನಲ್ಲಿ ಯಾರಾದ್ರೂ ಇದನ್ನೇ ನಂಬಿಕೊಂಡು ಬಂದ್ರೆ?" ಅಂದೆ.

"ಅಣ್ಣನ ನೆನಪಿಗೆ, ಅತ್ತಿಗೆ."

"ನಿಮ್ಮಣ್ಣ ಇದ್ದಿದ್ರೆ ಬಿಡ್ತಿದ್ರೇನಪ್ಪಾ?"

ಅವನು ಮುಖ ಆ ಕಡೆ ಮಾಡಿದ. ಆಮೇಲೆ, "ಬೆನ್ನಿಗೆ ಎರಡು ಬಿಡೋರು" ಅಂದ. ನಗೋಕೆ ಹೋಗಿ ಅತ್ತ.

ಮೇಲಿನ ಕಲ್ಲು ನಾನೇ ತೆಗೆದೆ. ದೊಡ್ಡವು ಅವನು. ಕೆಡವೋದು ಸುಲಭ ಅಂತಾರೆ, ಸುಳ್ಳು. ಅವನು ಒಂದನ್ನು ಹಾಗೇ ಕೆಳಗೆ ಹಾಕಿದ.

"ಮಣ್ಣಿನ ಮಗ್ಗುಲು ಕೆಳಗೆ" ಅಂದೆ.

ತಿರುಗಿಸಿಟ್ಟ.

ಇಳಿಯುವಾಗ ಕವಲಿನಲ್ಲಿ ನಿಂತು ನೋಡಿದೆವು. ಗುರುತಿನ ಕಲ್ಲು ಒಂದು ಜಾರಿತ್ತು. ಇಬ್ಬರೂ ಸೇರಿ ಎತ್ತಿಟ್ಟೆವು.

ಟೆಂಟಿಗೆ ಬರುವಷ್ಟರಲ್ಲಿ ಚಹಾ ಆರಿಹೋಗಿತ್ತು. ಹಾಗೇ ಕುಡಿದೆವು.