ಮಹಾಲಿಂಗಣ್ಣನ ಹೆಬ್ಬೆರಳು

ಎರ್ನಾಕುಳದ ವಕೀಲರೊಬ್ಬರ ಗುಮಾಸ್ತ, ಕಾಸರಗೋಡಿನ ಮಹಾಲಿಂಗಣ್ಣ ಇಪ್ಪತ್ತೆಂಟು ವರ್ಷ ಕೋರ್ಟಿನ ಅರ್ಜಿಗಳನ್ನು ಉದ್ದಕ್ಕೆ ಮಡಿಸಿದವರು. ಮಡಿಸಿ, ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಎಳೆದರೆಂದರೆ ಕಾಗದ ಮತ್ತೆ ತಲೆ ಎತ್ತುತ್ತಿರಲಿಲ್ಲ. ಒಳಗಿನ ವಾದ ಬಿದ್ದರೂ ಸರಿ, ಮಡಿಕೆ ಏಳಬಾರದು. ಮಗಳು ಪ್ರತೀಕ್ಷಾ ಒಂದನೇ ಕ್ಲಾಸಿನಲ್ಲಿದ್ದಾಗ, ಅಪ್ಪನಿಗೇನು ಕೆಲಸ ಎಂದು ಟೀಚರ್ ಕೇಳಿದ್ದಕ್ಕೆ ಮಲಯಾಳದಲ್ಲಿ "ಕಡಲಾಸ್ ಮಡಕ್ಕುಂ" ಎಂದಿದ್ದಳು. ಕಾಗದ ಮಡಿಸ್ತಾರೆ. ಸುಳ್ಳಲ್ಲವಲ್ಲ, ಅದಕ್ಕೇ ಆ ಮಾತು ಅಪ್ಪನನ್ನು ಚುಚ್ಚಿ ಅಲ್ಲೇ ಉಳಿದಿತ್ತು.

೨೦೦೬ರಲ್ಲಿ ತಿರುವನಂತಪುರದಲ್ಲಿ ಗುಮಾಸ್ತರ ವಾರ್ಷಿಕ ಕೂಟ. ಅದರಲ್ಲೊಂದು ಸ್ಪರ್ಧೆ: ಅಂಟಿಲ್ಲದೆ, ಕತ್ತರಿಯಿಲ್ಲದೆ, ಒರಿಗಾಮಿಯ ರೀತಿ ಬರೀ ಮಡಿಸಿಯೇ ಕಾಗದದ ಉಂಡೆ ಎಸೆಯುವ ಯಂತ್ರ ಮಾಡಬೇಕು. ಉಂಡೆ ಒಂದು ಮಾರು ದೂರದ ಗೆರೆ ದಾಟಬೇಕು. ಆ ಊರಿನಲ್ಲೇ ಕಾಲೇಜು ಓದುತ್ತಿದ್ದ ಪ್ರತೀಕ್ಷಾ ನೋಡಲು ಬರುತ್ತೇನೆಂದಳು. ಮಹಾಲಿಂಗಣ್ಣ ಹೆಸರು ಕೊಟ್ಟೇಬಿಟ್ಟರು. ಮಡಿಸುವುದರಲ್ಲಿ ತಾನೇನೆಂದು ಒಮ್ಮೆಯಾದರೂ ಅವಳು ಕಾಣಬೇಕು.

ಎರ್ನಾಕುಳದ ಕಲೂರಿನ ಮನೆಯಲ್ಲಿ ಅಭ್ಯಾಸ ನಡೆಯಿತು. ಎರಡು ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಮಡಿಸುತ್ತ ಹೋದರೆ ಸ್ಪ್ರಿಂಗು. ಅದನ್ನು ಕಾಗದದ ಕೊಳವೆಯೊಳಗಿಟ್ಟು, ಮೇಲೆ ಉಂಡೆ ಕೂರಿಸಿ, ತಳದಲ್ಲಿ ಇಳಿಬಿಟ್ಟ ಬಾಲ ಎಳೆದು ಸ್ಪ್ರಿಂಗು ಕುಗ್ಗಿಸಿ ಬಿಟ್ಟರೆ ಉಂಡೆ ಹಾರಬೇಕು. ಹಾರಲಿಲ್ಲ. ವಾಯಿದೆ ಕೇಳಿದ ಕಕ್ಷಿಯಂತೆ ಅಲ್ಲೇ ಕೂತಿತು.

ಹೆಂಡತಿ ಸುಮಿತ್ರ ಸ್ಪ್ರಿಂಗನ್ನು ಎತ್ತಿ ಬೆಳಕಿಗೆ ಹಿಡಿದರು. "ಇದಕ್ಕೆ ಜೀವ ಎಲ್ಲುಂಟು ಮಾರಾಯ್ರೇ? ಉಗುರು ಹಾಕಿ ಕೊಂದಿದ್ದೀರಿ."

"ಮಡಿಕೆ ಅಂದ್ರೆ ಹಾಗೇ ಕೂರ್ಬೇಕು."

"ಅದು ಕೋರ್ಟಿನಲ್ಲಿ. ಇದು ಏಳ್ಬೇಕಲ್ಲ?"

ಮಹಾಲಿಂಗಣ್ಣ ಮೆಲ್ಲಗೆ ಮಡಿಸಿ ನೋಡಿದರು. ಮನಸ್ಸು ಒಪ್ಪಿತು, ಹೆಬ್ಬೆರಳು ಒಪ್ಪಲಿಲ್ಲ; ಪ್ರತಿ ಮಡಿಕೆಗೂ ತಾನೇ ಹೋಗಿ ಗೀರಿ ಬರುತ್ತಿತ್ತು. ಕೊನೆಗೆ ಹೊರಡುವ ದಿನ ಸುಮಿತ್ರ ಅದಕ್ಕೆ ದಪ್ಪಗೆ ಬಟ್ಟೆ ಸುತ್ತಿ ಗಂಟು ಹಾಕಿದರು.

"ಯಾರಾದ್ರೂ ಕೇಳಿದ್ರೆ ಎಂತ ಹೇಳುದು?"

"ಹಳೇ ಗಾಯ ಅನ್ನಿ."

ಸ್ಪರ್ಧೆಯಲ್ಲಿ ಅರ್ಧ ಗಂಟೆ ಹೆಬ್ಬೆರಳು ಗಂಟಿನೊಳಗೆ ತಡಕಾಡುತ್ತಲೇ ಇತ್ತು. ಮಡಿಕೆಗಳು ವಕ್ರ, ಕೊಳವೆ ಸೊಟ್ಟ. ಇಂಥ ಕೆಲಸ ಮಾಡಿ ಕೊಟ್ಟವನನ್ನು ಮಹಾಲಿಂಗಣ್ಣ ತಮ್ಮ ಆಫೀಸಿಗೆ ಸೇರಿಸುತ್ತಿರಲಿಲ್ಲ. ಬಾಲ ಎಳೆದು ಬಿಟ್ಟರು. ಉಂಡೆ ಹಾರಿ, ಗೆರೆಯ ಮೇಲೆ ಬಿದ್ದು, ಒಂದು ಉರುಳು ಉರುಳಿ ಆಚೆ ನಿಂತಿತು. ಮೂರನೇ ಬಹುಮಾನ ಬಂತು: ಕಾಗದ ಹಾರದಂತೆ ಇಡುವ ಗಾಜಿನ ಪೇಪರ್‌ವೇಟು.

ಪ್ರತೀಕ್ಷಾ ಪೇಪರ್‌ವೇಟು ನೋಡಲೇ ಇಲ್ಲ. ಅಪ್ಪನ ಬೆರಳಿಗೆ ಏನಾಯಿತೆಂದು ಎಂದಿನಂತೆ ಮಲಯಾಳದಲ್ಲೇ ಕೇಳಿದಳು. ಹಳೇ ಗಾಯ ಎನ್ನಲು ಮನಸ್ಸಾಗಲಿಲ್ಲ. ಅವರು ಗಂಟು ಬಿಚ್ಚಿ ತೋರಿಸಿದರು. ಗಾಯವಿರಲಿಲ್ಲ. ಉಗುರಿನ ಒಂದು ಅಂಚು ಮಾತ್ರ ಸವೆದು, ಅದರ ನಡುವೆ ಕೂದಲೆಳೆಯಷ್ಟು ಕಾಲುವೆ ಬಿದ್ದಿತ್ತು. ಇಷ್ಟು ವರ್ಷ ಆ ಕೈ ಹಿಡಿದು ರಸ್ತೆ ದಾಟಿದವಳು ಅದನ್ನು ಕಂಡದ್ದು ಈಗ.

"ಇದು ಕಾಗದ ಮಡಿಸಿಯಾ?" ಎಂದಳು, ಕನ್ನಡದಲ್ಲಿ.

"ಮಡಿಸಿಯೇ," ಎಂದರು ಮಹಾಲಿಂಗಣ್ಣ.

ಅವಳು ಆ ಬೆರಳನ್ನು ಬೇಗ ಬಿಡಲಿಲ್ಲ.